ಕಡಿಮೆ ದುಡ್ಡಿನಲ್ಲಿ ಒಂದು ಹಳೆಯ ಟ್ರಂಪೆಟ್

(ಶಾಲಾ ಬ್ಯಾಂಡಿಗೆ ಸೇರಿದ ಮಕ್ಕಳ ಪೋಷಕರು ಮತ್ತು ಹೊಸದಾಗಿ ಕಲಿಯುತ್ತಿರುವವರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ನಾನು ಸ್ವಂತ ಸಂಪಾದನೆಯಿಂದ ಕೊಂಡ ಮೊದಲ ವಾದ್ಯ ಒಂದು ಹಳೆಯ ಕಾರ್ನೆಟ್, ಟ್ರಂಪೆಟ್ಟಿನ ಹತ್ತಿರದ ಸಂಬಂಧಿ. ಅದಕ್ಕೆ ಬೆಳ್ಳಿಯ ಲೇಪವಿತ್ತು, ಬೆಲ್ಲಿನ, ಅಂದರೆ ಅಗಲವಾಗಿ ಅರಳಿದ ಬಾಯಿಯ, ಮೇಲೆ ಬಳ್ಳಿಯ ಕೆತ್ತನೆಯಿತ್ತು, ಇಡುವುದಕ್ಕೆ ನೀಲಿ ಮಖಮಲ್ಲು ಹಾಸಿದ ಮರದ ಪೆಟ್ಟಿಗೆಯೂ ಇತ್ತು. ಮಾರುವವರು ಪೆಟ್ಟಿಗೆಯ ಮುಚ್ಚಳ ತೆರೆದ ಕ್ಷಣದಲ್ಲೇ ನಾನು ಅದನ್ನು ಮನಸ್ಸಿನಲ್ಲಿ ಕೊಂಡಾಗಿತ್ತು. ಮುಂದಿನ ಅರ್ಧ ಗಂಟೆಯ ಚೌಕಾಸಿ ಬರೀ ಶಾಸ್ತ್ರಕ್ಕೆ ನಡೆಯಿತು. ಅದೇ ವಾರ ಹಾರ್ಮೋನಿಯಂ ಜೊತೆ ನುಡಿಸಲು ಕುಳಿತಾಗ ನನ್ನ ಸ್ವರ ಅದರ ಸ್ವರಕ್ಕಿಂತ ಮೇಲೆಯೇ ನಿಂತಿತು. ಶ್ರುತಿ ಹೊಂದಿಸಲು ಎಳೆಯುವ ಕೊಳವೆಯಾದ ಟ್ಯೂನಿಂಗ್ ಸ್ಲೈಡನ್ನು ಒಂದು ಬೆರಳಿನಷ್ಟು ಎಳೆದೆ, ಇನ್ನಷ್ಟು ಎಳೆದೆ, ಕೊನೆಗೆ ಅದು ಕಳಚಿ ಕೈಗೇ ಬಂದಿತು. ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಕೈ ನಿಲ್ಲಿಸಿ, "ತಮ್ಮಾ, ನೀನು ಕಪ್ಪು ಐದರಲ್ಲೂ ಇಲ್ಲ, ಬಿಳಿ ಏಳರಲ್ಲೂ ಇಲ್ಲ, ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದೀಯ" ಎಂದರು. ಆ ಎರಡೂ ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಮನೆಗಳು.

ಅವರು ತಮಾಷೆಗೆ ಆಡಿದ ಮಾತು ಅಳತೆಯಲ್ಲೂ ಸರಿಯಾಗಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಂದು ನಾವು ಬಳಸುವ ಶ್ರುತಿಯಲ್ಲಿ 'ಎ' ಎಂಬ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳು. 1939ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಪ್ಪಿಕೊಂಡ ಅಳತೆಯಿದು. ಆದರೆ ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ತಮ್ಮ ಹಳೆಯ ಎತ್ತರದ ಶ್ರುತಿಯನ್ನೇ, ಅಂದರೆ 452 ಕಂಪನಗಳ ಆಸುಪಾಸಿನ ಶ್ರುತಿಯನ್ನೇ, ಹಿಡಿದುಕೊಂಡಿದ್ದವು ಮತ್ತು ಅಲ್ಲಿನ ತಯಾರಕರು ಆ ಶ್ರುತಿಗೆ ತಕ್ಕ ವಾದ್ಯಗಳನ್ನು ಮಾಡಿಕೊಡುತ್ತಲೇ ಇದ್ದರು. ಎರಡರ ನಡುವಿನ ಅಂತರ ಸರಿಸುಮಾರು ಒಂದು ಸ್ವರಸ್ಥಾನದ ಅರ್ಧ. ಕಪ್ಪು ಐದಕ್ಕೂ ಬಿಳಿ ಏಳಕ್ಕೂ ಮಧ್ಯದ ಸಂದಿಯೆಂದರೆ ಅದೇ. ಲೆಕ್ಕದ ಪ್ರಕಾರ ಕೊಳವೆಗೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ ಸೇರಿದರೆ, ಅಂದರೆ ಎರಡು ಕಾಲುಗಳುಳ್ಳ ಸ್ಲೈಡನ್ನು ಎರಡು ಸೆಂಟಿಮೀಟರ್ ಎಳೆದರೆ, ತೆರೆದ ಸ್ವರವೇನೋ ಕೆಳಗಿಳಿಯುತ್ತದೆ. ಆದರೆ ಬೆರಳಿನಿಂದ ಒತ್ತುವ ಮೂರೂ ವಾಲ್ವ್‌ಗಳ ಪುಟ್ಟ ಕೊಳವೆಗಳು ಹಳೆಯ ಅಳತೆಯಲ್ಲೇ ಉಳಿಯುವುದರಿಂದ ವಾಲ್ವ್ ಒತ್ತಿದ ಸ್ವರಗಳೆಲ್ಲ ಮತ್ತೆ ತಪ್ಪುತ್ತವೆ. ನನಗೆ ಮಾರಿದವರು ಮೋಸಗಾರರಾಗಿರಲಿಲ್ಲ. ಅವರಿಗೂ ಇದು ಗೊತ್ತಿರಲಿಲ್ಲ. ನೋಡಿ ಕೊಂಡದ್ದು, ನುಡಿಸಿ ಕೊಳ್ಳದೇ ಇದ್ದದ್ದು ನನ್ನ ತಪ್ಪು.

ಈಗ ಈ ಪರೀಕ್ಷೆಗೆ ಹಾರ್ಮೋನಿಯಂ ಹೊತ್ತುಕೊಂಡು ಹೋಗಬೇಕಾಗಿಲ್ಲ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ತಣ್ಣಗಿರುವ ಲೋಹದ ಶ್ರುತಿ ಸ್ವಲ್ಪ ಕೆಳಗಿರುವುದರಿಂದ ಐದು ನಿಮಿಷ ಊದಿ ವಾದ್ಯವನ್ನು ಬೆಚ್ಚಗೆ ಮಾಡಿಕೊಂಡು, ಟ್ಯೂನಿಂಗ್ ಸ್ಲೈಡನ್ನು ಒಂದು ಸೆಂಟಿಮೀಟರಿನಷ್ಟು ಹೊರಗಿಟ್ಟು, ವಾಲ್ವ್ ಒತ್ತದೆ, ಸ್ವರಲಿಪಿಯ ಐದು ಗೆರೆಗಳ ಮೂರನೆಯ ಸಂದಿಯಲ್ಲಿ ಬರೆಯುವ 'ಸಿ' ಸ್ವರವನ್ನು ನುಡಿಸಿ. ಅದು ಬಿ ಫ್ಲ್ಯಾಟ್ ಎಂದು ಕಾಣಿಸಬೇಕು, ಕಂಪನ 466ರ ಹತ್ತಿರ ಇರಬೇಕು. ಸಂಖ್ಯೆ 475 ದಾಟಿ 480ರ ಕಡೆಗೆ ಓಡುತ್ತಿದ್ದರೆ ಪೆಟ್ಟಿಗೆ ಮುಚ್ಚಿ, ನಮಸ್ಕಾರ ಹೇಳಿ ಹೊರಡಿ. ಷೋಕೇಸಿನಲ್ಲಿಡಲು ಅದು ಚೆನ್ನಾಗಿರುತ್ತದೆ.

ಬಿ ಫ್ಲ್ಯಾಟ್ ಟ್ರಂಪೆಟ್ ಎಂದರೆ ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆಯ ಕೊಳವೆಯನ್ನು ಮಡಿಸಿ, ನಡುವೆ ಮೂರು ವಾಲ್ವ್‌ಗಳನ್ನು ಕೂಡಿಸಿದ ವಸ್ತು. ಆ ಲೋಹದಲ್ಲಿ ನೂರಕ್ಕೆ ಎಪ್ಪತ್ತು ಭಾಗ ತಾಮ್ರ, ಮೂವತ್ತು ಭಾಗ ಸತು. ಗುಜರಿಯವನ ತಕ್ಕಡಿಯಲ್ಲಿ ಅದಕ್ಕೆ ದೊಡ್ಡ ಬೆಲೆಯೇನೂ ಇಲ್ಲ. ನಾವು ದುಡ್ಡು ಕೊಡುವುದು ಒಳಗಿನ ಗಾಳಿ ಅಡ್ಡದಾರಿ ಹಿಡಿಯದೆ, ಸೋರದೆ, ತುಟಿಯಿಂದ ಬೆಲ್ಲಿನವರೆಗೆ ಹೋಗುವ ಏರ್ಪಾಡಿಗೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ನಾನು ಮುಂದೆ ಹೇಳುವ ಪರೀಕ್ಷೆಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ನಿಮಗೇ ಹೊಳೆಯುತ್ತದೆ.

ನಮ್ಮ ಕಡೆ ಕೈಬದಲಾಗುವ ಹಳೆಯ ಟ್ರಂಪೆಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಉತ್ತರ ಪ್ರದೇಶದ ಮೀರತ್‌ನಲ್ಲಿ ತಯಾರಾದವು. ಅಲ್ಲಿನ ಜಲಿ ಕೋಠಿ ಪ್ರದೇಶದಲ್ಲಿ 1885ರಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯಿಂದ ಮೊದಲ್ಗೊಂಡು ಬೆಳೆದ ಬ್ಯಾಂಡ್ ವಾದ್ಯಗಳ ಕಸುಬು ಇಂದಿಗೂ ದೇಶದ ಮದುವೆ ಬ್ಯಾಂಡ್‌ಗಳಿಗೆ ವಾದ್ಯ ಒದಗಿಸುತ್ತಿದೆ. ಎರಡನೆಯದು ಹೊರದೇಶದಿಂದ ಬಂದವು: ಯಮಹಾದ ವೈಟಿಆರ್-2335ರಂಥ ವಿದ್ಯಾರ್ಥಿ ಮಾದರಿಗಳು, ಹಳೆಯ ಬೂಸಿ ಅಂಡ್ ಹಾಕ್ಸ್ ಮತ್ತು ಬೆಸ್ಸನ್‌ಗಳು, ಅಪರೂಪಕ್ಕೊಮ್ಮೆ ಅಮೆರಿಕದ ಓಲ್ಡ್ಸ್ ಅಥವಾ ಕಾನ್. ಕೈಕೆಲಸದ ಪಾಲು ಹೆಚ್ಚಿರುವ ವಾದ್ಯಗಳಲ್ಲಿ ಒಂದೇ ಅಂಗಡಿಯ ಎರಡು ಟ್ರಂಪೆಟ್‌ಗಳು ಎರಡು ಗುಣದವಾಗಿರಬಹುದಾದ್ದರಿಂದ ಅಲ್ಲಿ ಹೆಸರನ್ನು ನಂಬದೆ ಕೈಯಲ್ಲಿರುವುದನ್ನೇ ಪರೀಕ್ಷಿಸಬೇಕು. ವಿದೇಶದವುಗಳಲ್ಲಿ ಬಿಡಿಭಾಗದ ಪ್ರಶ್ನೆ ಏಳುತ್ತದೆ. ಓಲ್ಡ್ಸ್ ಕಂಪನಿ 1979ರಲ್ಲೇ ಮುಚ್ಚಿತು. ಅದರ ಆಂಬಾಸಡರ್ ಮಾದರಿ ಗಟ್ಟಿಮುಟ್ಟಾದ ವಾದ್ಯವೇ ಹೌದಾದರೂ ಒಂದು ಪಿಸ್ಟನ್ ಹಾಳಾದರೆ ಅದೇ ಮಾದರಿಯ ಇನ್ನೊಂದು ವಾದ್ಯವನ್ನು ಬಿಚ್ಚಿಯೇ ತರಬೇಕು. ಯಮಹಾದ ಮಟ್ಟಿಗೆ ಆ ಚಿಂತೆ ಕಡಿಮೆ. ನನ್ನ ಅಭಿಪ್ರಾಯ ಕೇಳುವುದಾದರೆ, ಕಲಿಯುವ ಮಗುವಿಗೆ ನೋಡಲು ಸವೆದಿದ್ದರೂ ವಾಲ್ವ್ ಚೆನ್ನಾಗಿರುವ ಹಳೆಯ ವಿದ್ಯಾರ್ಥಿ ಮಾದರಿಯೇ ಮೊದಲ ಆಯ್ಕೆ. ಕೆಂಪು, ನೀಲಿ, ಹಸಿರು ಬಣ್ಣ ಬಳಿದು ಆನ್‌ಲೈನಿನಲ್ಲಿ ಅಗ್ಗಕ್ಕೆ ಮಾರುವ ಹೊಸ ಟ್ರಂಪೆಟ್‌ಗಳ ವಿಷಯದಲ್ಲಿ ನಾನು ಬಾಯಿ ಬಿಡದಿರುವುದೇ ಲೇಸು.

ಇನ್ನು ವಾಲ್ವ್. ನಾವು ಒತ್ತುವ ಪಿಸ್ಟನ್ ವಾಲ್ವ್ ಪ್ಯಾರಿಸ್ಸಿನ ಫ್ರಾಂಸ್ವಾ ಪೆರಿನೆ ಎಂಬವರು 1830ರ ದಶಕದ ಕೊನೆಯಲ್ಲಿ ರೂಪಿಸಿದ ಮಾದರಿಯದು; ಅದರ ತತ್ವ ಇಂದಿಗೂ ಹೆಚ್ಚು ಬದಲಾಗಿಲ್ಲ. ಎರಡನೆಯ ವಾಲ್ವ್ ಒತ್ತಿದರೆ ಗಾಳಿ ಪುಟ್ಟದೊಂದು ಸುತ್ತು ಹೆಚ್ಚು ಹಾಕಿ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ, ಮೊದಲನೆಯದಕ್ಕೆ ಒಂದು ಮೆಟ್ಟಿಲು, ಮೂರನೆಯದಕ್ಕೆ ಒಂದೂವರೆ. ಪಿಸ್ಟನ್ನಿಗೂ ಅದು ಓಡಾಡುವ ಕೇಸಿಂಗಿಗೂ ನಡುವೆ ಇರುವ ಜಾಗ ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಎಣ್ಣೆಯ ಪೊರೆಯೊಂದು ಆ ಜಾಗವನ್ನು ತುಂಬಿ ಗಾಳಿಯನ್ನು ತಡೆಯುತ್ತದೆ. ವರ್ಷಗಟ್ಟಲೆ ಧೂಳು ಸೇರಿ, ಪಿಸ್ಟನ್ ಉಜ್ಜಿ, ಆ ಜಾಗ ಅಗಲವಾದರೆ ಎಣ್ಣೆ ಅದನ್ನು ತುಂಬಲಾರದು. ಗಾಳಿ ಸೋರುತ್ತದೆ, ಮೇಲಿನ ಸ್ವರಗಳು ಸಡಿಲವಾಗುತ್ತವೆ, ನುಡಿಸುವ ಮಗು ತನ್ನ ಉಸಿರೇ ಸಾಲದೆಂದು ಭಾವಿಸಿ ಸುಮ್ಮನೆ ಬಳಲುತ್ತದೆ.

ಪರೀಕ್ಷಿಸುವಾಗ ಮಾರುವವರ ಅನುಮತಿ ಕೇಳಿ ವಾಲ್ವ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಮೇಲಿನ ಮುಚ್ಚಳವನ್ನು ತಿರುಗಿಸಿ, ಪಿಸ್ಟನ್ನನ್ನು ನೆಟ್ಟಗೆ ಮೇಲಕ್ಕೆ ಎತ್ತಿ. ಬಾರದಿದ್ದರೆ ಬಲ ಹಾಕಬೇಡಿ. ಹತ್ತಿಯ ಬಟ್ಟೆಯಿಂದ ಹಳೆಯ ಎಣ್ಣೆಯನ್ನು ಪೂರ್ತಿ ಒರೆಸಿ ಬೆಳಕಿಗೆ ಹಿಡಿಯಿರಿ. ನಿಕಲ್ ಲೇಪದ ಪಿಸ್ಟನ್ ಆದರೆ ಬೆಳ್ಳಗಿನ ಮೈಯ ಮೇಲೆ ಅಲ್ಲಲ್ಲಿ ಹಳದಿ ಹಿತ್ತಾಳೆ ಇಣುಕುತ್ತಿದೆಯೇ, ಉದ್ದುದ್ದ ಗೀರುಗಳಿವೆಯೇ, ಸೂಜಿಮೊನೆಯಂಥ ಗುಂಡಿಗಳು ಬಿದ್ದಿವೆಯೇ ನೋಡಿ. ಮೋನೆಲ್ ಎಂಬ ಮಿಶ್ರಲೋಹದ ಪಿಸ್ಟನ್ ಒಳಗೂ ಹೊರಗೂ ಒಂದೇ ಬೂದು ಬಣ್ಣದ್ದಾಗಿರುವುದರಿಂದ ಅಲ್ಲಿ ಬಣ್ಣ ನೋಡಿ ಸವೆತ ಹೇಳಲಾಗುವುದಿಲ್ಲ. ಆಮೇಲೆ ನಿಮ್ಮ ಜೇಬಿನಲ್ಲಿ ತಂದ ತೆಳು ವಾಲ್ವ್ ಎಣ್ಣೆಯನ್ನೇ ಹಾಕಿ. ಇದು ಅನುಮಾನದ ಮಾತಲ್ಲ, ಅನುಭವದ ಮಾತು: ಗಟ್ಟಿ ಎಣ್ಣೆ ಹಾಕಿದರೆ ಸವೆದ ವಾಲ್ವ್ ಕೂಡ ಒಂದು ಸಂಜೆಯ ಮಟ್ಟಿಗೆ ಹೊಸದರಂತೆ ನಡೆದುಕೊಳ್ಳುತ್ತದೆ.

ಎಣ್ಣೆ ಹಾಕಿ ಜೋಡಿಸಿದ ಮೇಲೆ ಮೊದಲನೆಯ ವಾಲ್ವ್‌ನ ಸ್ಲೈಡನ್ನು, ವಾಲ್ವ್ ಒತ್ತದೆ, ಎರಡು ಮೂರು ಸೆಂಟಿಮೀಟರ್ ಹೊರಗೆಳೆದು ಹಿಡಿದುಕೊಳ್ಳಿ. ವಾಲ್ವ್ ಮೇಲಿರುವಾಗ ಆ ಸುತ್ತುಕೊಳವೆಗೆ ಗಾಳಿಯ ದಾರಿ ಎರಡೂ ಕಡೆ ಮುಚ್ಚಿರುವುದರಿಂದ, ಎಳೆದಾಗ ಒಳಗೆ ಗಾಳಿ ತೆಳುವಾಗಿ ಉಳಿಯುತ್ತದೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ವಾಲ್ವ್ ಒತ್ತಿ. 'ಟಪ್' ಎಂಬ ಸದ್ದು ಸ್ಪಷ್ಟವಾಗಿ ಕೇಳಿದರೆ ವಾಲ್ವ್ ಮತ್ತು ಸ್ಲೈಡ್ ಎರಡೂ ಗಾಳಿಯನ್ನು ಹಿಡಿದುಕೊಂಡಿವೆ ಎಂದರ್ಥ. ಸದ್ದು ಬಾರದಿದ್ದರೆ ಹತ್ತರ ಬದಲು ಮೂರು ಎಣಿಸಿ ನೋಡಿ. ಆಗ ಬಂದರೆ ಸೋರಿಕೆ ಅಲ್ಪ, ಆಗಲೂ ಬಾರದಿದ್ದರೆ ಹೆಚ್ಚು. ಸ್ಲೈಡ್ ಸಡಿಲವಾಗಿದ್ದರೂ ಸದ್ದು ಬಾರದೇ ಇರಬಹುದು, ಆದ್ದರಿಂದ ಸ್ಲೈಡಿಗೆ ಸ್ವಲ್ಪ ಗ್ರೀಸ್ ಸವರಿ ಇನ್ನೊಮ್ಮೆ ಮಾಡಿ. ಮೂರನೆಯದಕ್ಕೂ ಹೀಗೆಯೇ. ಎರಡನೆಯದರ ಸ್ಲೈಡ್ ಗಿಡ್ಡವಾಗಿರುವುದರಿಂದ ಅದನ್ನು ಪೂರ್ತಿ ಎಳೆದು ತೆಗೆದಾಗಲೇ ಬಾಟಲಿಯ ಬಿರಡೆ ಕಿತ್ತಂಥ ಸದ್ದು ಬರಬೇಕು. ಒಂದು ಪೈಸೆ ಖರ್ಚಿಲ್ಲದ, ಸಂಗೀತ ಬಾರದವರೂ ಮಾಡಬಹುದಾದ ಪರೀಕ್ಷೆಯಿದು. ಇಂದು ನೀವು ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ.

ವಾಲ್ವ್‌ನ ಮಾತು ಬಂದಾಗ ಇನ್ನೊಂದು ಪ್ರಸಂಗ ಹೇಳಲೇಬೇಕು. ಒಮ್ಮೆ ಒಬ್ಬರ ಮನೆಗೆ ಟ್ರಂಪೆಟ್ ನೋಡಲು ಹೋಗಿದ್ದೆ. "ಸಾರ್, ಮೊದಲೇ ಹೇಳಿಬಿಡ್ತೀನಿ, ಇದು ಕೆಟ್ಟುಹೋಗಿದೆ. ಎಷ್ಟು ಊದಿದರೂ ಗಾಳಿನೇ ಹೋಗಲ್ಲ. ಹಿತ್ತಾಳೆ ರೇಟು ಕೊಟ್ಟು ತಗೊಂಡು ಹೋಗಿ" ಎಂದರು. ವಾಲ್ವ್ ತೆಗೆದು ನೋಡಿದರೆ ಒಂದರ ಜಾಗದಲ್ಲಿ ಮೂರು, ಮೂರರ ಜಾಗದಲ್ಲಿ ಒಂದು. ಯಾರೋ ತೊಳೆದು ಅದಲುಬದಲು ಹಾಕಿಟ್ಟಿದ್ದರು, ಅಷ್ಟೆ. ಪಿಸ್ಟನ್ನಿನ ಮೇಲೆ 1, 2, 3 ಎಂದು ಅಂಕಿ ಕೊರೆದಿರುತ್ತದೆ. ಅದು ಸರಿಯಾದ ಕೇಸಿಂಗಿನಲ್ಲಿ, ಸರಿಯಾದ ದಿಕ್ಕಿಗೆ ಕೂತು, ದಿಕ್ಕು ತಪ್ಪದಂತೆ ಹಿಡಿಯುವ ಅದರ ಪುಟ್ಟ ಗೈಡ್ ತನ್ನ ಸೀಳಿನಲ್ಲಿ 'ಕಿಟ್' ಎಂದು ಸಿಕ್ಕಿಕೊಂಡರೆ ಮಾತ್ರ ದಾರಿ ತೆರೆಯುತ್ತದೆ. ನಾನು ಅಲ್ಲೇ ಸರಿಪಡಿಸಿ ನುಡಿಸಿ ತೋರಿಸಿದೆ. ಬೆಲೆ ಮೂರು ಪಟ್ಟಾಯಿತು. ನನ್ನ ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ, ಆದರೆ ಗುಜರಿ ಬೆಲೆಗೆ ಅದನ್ನು ಒಯ್ಯಲು ನನಗೆ ಮನಸ್ಸಾಗಲಿಲ್ಲ.

ವಾಲ್ವ್ ಒತ್ತುವಾಗ ನಿಧಾನವಾಗಿ, ಬೆರಳನ್ನು ಸ್ವಲ್ಪ ಓರೆಯಾಗಿಟ್ಟು ಒತ್ತಿ ನೋಡಿ. ವೇಗವಾಗಿ ಒತ್ತಿದಾಗ ಮುಚ್ಚಿಹೋಗುವ ತಡೆತ ಆಗ ತಿಳಿಯುತ್ತದೆ. ಎರಡನೆಯ ವಾಲ್ವ್ ಮಾತ್ರ ತಡೆಯುತ್ತಿದ್ದರೆ ಅದರ ಗಿಡ್ಡ ಸ್ಲೈಡಿನ ಕಡೆ ಗಮನ ಕೊಡಿ. ಟ್ರಂಪೆಟ್ಟಿನ ಮೈಯಿಂದ ಹೊರಗೆ ಚಾಚಿಕೊಂಡಿರುವ ಭಾಗ ಅದು. ವಾದ್ಯ ಆ ಮಗ್ಗುಲಿಗೆ ಬಿದ್ದರೆ ಸ್ಲೈಡ್ ಒಳಕ್ಕೆ ಒತ್ತಿ ಕೇಸಿಂಗನ್ನೇ ಕೂದಲೆಳೆಯಷ್ಟು ನೆಗ್ಗಿಸುತ್ತದೆ. ಕಣ್ಣಿಗೆ ಕಾಣದ ಈ ನೆಗ್ಗು ಬೆಲ್ಲಿನ ಮೇಲಿನ ಹತ್ತು ನೆಗ್ಗುಗಳಿಗಿಂತ ಕೆಟ್ಟದ್ದು. ಹಳೆಯ ಬ್ಯಾಂಡ್ ಮಾಸ್ಟರುಗಳು ಎರಡನೆಯ ಸ್ಲೈಡ್ ಮೇಲೆ ಬರುವಂತೆಯೇ ವಾದ್ಯವನ್ನು ಮಲಗಿಸಬೇಕೆಂದು ಗದರುತ್ತಿದ್ದದ್ದು ಇದಕ್ಕೇ.

ಸ್ಲೈಡ್‌ಗಳು ನಾಲ್ಕೂ ಚಲಿಸಬೇಕು. ಮೂರನೆಯದು ನುಡಿಸುತ್ತಿರುವಾಗಲೇ ಎಡಗೈ ಬೆರಳಿಗೆ ಸಲೀಸಾಗಿ ಜಾರಬೇಕು. ಒಂದು ಮತ್ತು ಮೂರನ್ನು, ಇಲ್ಲವೇ ಮೂರೂ ವಾಲ್ವ್‌ಗಳನ್ನು, ಒಟ್ಟಿಗೆ ಒತ್ತಿದಾಗ ಬರುವ ತಗ್ಗಿನ ಸ್ವರಗಳು ಸ್ವಭಾವತಃ ಮೇಲಕ್ಕಿರುವುದರಿಂದ ಅದನ್ನು ಎಳೆದೇ ಸರಿಪಡಿಸಬೇಕು. ಕಚ್ಚಿಕೊಂಡ ಸ್ಲೈಡಿಗೆ ಹೆದರಬೇಕಾಗಿಲ್ಲ, ರಿಪೇರಿಯವರು ಬಿಡಿಸುತ್ತಾರೆ, ಆದರೆ ಬೆಲೆ ಇಳಿಸಿ ಕೇಳುವುದಕ್ಕೆ ಅದು ನ್ಯಾಯವಾದ ಕಾರಣ. ತುಟಿಗಿಟ್ಟು ಊದುವ ಮೌತ್‌ಪೀಸ್ ಕಚ್ಚಿಕೊಂಡಿದ್ದರೂ ಹಾಗೆಯೇ; ಅದನ್ನು ಎಳೆಯುವುದಕ್ಕೆಂದೇ ಒಂದು ಉಪಕರಣವಿದೆ. ಇಕ್ಕಳ ಹಿಡಿದವರ ಕೈಗೆ ಮಾತ್ರ ಕೊಡಬೇಡಿ. ಇಕ್ಕಳದ ಹಲ್ಲಿನ ಗುರುತಿರುವ ಟ್ರಂಪೆಟ್‌ಗಳನ್ನು ನಾನು ಬಹಳ ನೋಡಿದ್ದೇನೆ, ಅವುಗಳಲ್ಲಿ ಲೀಡ್‌ಪೈಪ್ ತಿರುಚಿಕೊಂಡವು ಕಡಿಮೆಯೇನಿಲ್ಲ.

ಮೌತ್‌ಪೀಸ್ ಕೂರುವ ಜಾಗದಿಂದ ಟ್ಯೂನಿಂಗ್ ಸ್ಲೈಡಿನವರೆಗೆ ಹೋಗುವ ನೆಟ್ಟನೆಯ ಕೊಳವೆಯೇ ಲೀಡ್‌ಪೈಪ್. ಉಸಿರಿನ ತೇವ, ಎಂಜಲು, ಊಟವಾದೊಡನೆ ಬಾಯಿ ತೊಳೆಯದೆ ಊದಿದ್ದರ ಫಲ, ಎಲ್ಲವೂ ಮೊದಲು ತಲುಪುವುದು ಇಲ್ಲಿಗೆ. ಕಾಲಕ್ರಮದಲ್ಲಿ ಹಿತ್ತಾಳೆಯಲ್ಲಿನ ಸತು ಕರಗಿಹೋಗಿ, ಸರಂಧ್ರವಾದ ತಾಮ್ರ ಮಾತ್ರ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಗುಲಾಬಿ ಬಣ್ಣದ ಚುಕ್ಕೆ, ನಡುವೆ ಕಪ್ಪು ಬೊಟ್ಟು. ಹಸಿರು ಕಿಲುಬನ್ನು ಕಂಡರೆ ಹೆದರಬೇಡಿ, ಅದು ತೊಳೆದರೆ ಹೋಗುತ್ತದೆ; ಈ ಗುಲಾಬಿ ಚುಕ್ಕೆ ಒಳಗಿನಿಂದ ಹೊರಗೆ ಬಂದ ಹುಣ್ಣು, ತೊಳೆದರೆ ಹೋಗುವುದಿಲ್ಲ. ಟ್ಯೂನಿಂಗ್ ಸ್ಲೈಡ್ ತೆಗೆದು, ಒಂದು ತುದಿಗೆ ಫೋನಿನ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿದರೆ ಕೊಳವೆಯ ಒಳಮೈ ನುಣುಪಾಗಿದೆಯೋ ಸಿಡುಬಿನ ಕಲೆಯಂತಿದೆಯೋ ಕಾಣುತ್ತದೆ. ಲೀಡ್‌ಪೈಪ್ ಬದಲಿಸಬಹುದು, ಆದರೆ ಕಡಿಮೆ ಬೆಲೆಯ ವಾದ್ಯಕ್ಕೆ ಅದು ಮೂಗಿಗಿಂತ ಮೂಗುತಿ ಭಾರವಾದಂತೆ.

ಕಣ್ಣಿಗೆ ಮೊದಲು ಬೀಳುವ ನೆಗ್ಗು, ಗೀರು, ಬಣ್ಣಗೆಟ್ಟ ಲ್ಯಾಕರ್ (ಮೇಲಿನ ಮೆರುಗಿನ ಲೇಪ) ಇವುಗಳ ವಿಷಯಕ್ಕೆ ನಾನು ಕೊನೆಯಲ್ಲಿ ಬಂದದ್ದು ಬೇಕೆಂದೇ. ಬೆಲ್ಲಿನ ಅಂಚಿನ ನೆಗ್ಗು ನಾದಕ್ಕೆ ಮಾಡುವ ತೊಂದರೆ ಅತ್ಯಲ್ಪ. ಕೊಳವೆ ಸಣ್ಣದಾಗುತ್ತ ಹೋದಂತೆ, ಅಂದರೆ ಮೌತ್‌ಪೀಸಿನ ಹತ್ತಿರ ಬಂದಂತೆ, ಅದೇ ಗಾತ್ರದ ನೆಗ್ಗು ಹೆಚ್ಚು ಕಾಡುತ್ತದೆ. ಬೆಸುಗೆ ಬಿಟ್ಟ ಜಾಗವನ್ನು ಕಿವಿಯಿಂದ ಹಿಡಿಯಬಹುದು: ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಕಿರಗುಟ್ಟಿದರೆ ಎಲ್ಲೋ ಒಂದು ಆಧಾರಪಟ್ಟಿ ಸಡಿಲವಾಗಿದೆ, ಅದು ಸಣ್ಣ ಕೆಲಸ. ನಾನು ನಿಜಕ್ಕೂ ಅನುಮಾನ ಪಡುವುದು ವಯಸ್ಸಾಗಿದ್ದರೂ ಕನ್ನಡಿಯಂತೆ ಹೊಳೆಯುವ ವಾದ್ಯವನ್ನು ಕಂಡಾಗ. ಯಂತ್ರಕ್ಕೆ ಕೊಟ್ಟು ತಿಕ್ಕಿಸಿ ಹೊಸ ಲ್ಯಾಕರ್ ಹೊಡೆಸಿದಾಗ ಲೋಹ ತೆಳುವಾಗುತ್ತದೆ, ಕೆತ್ತಿದ ಅಕ್ಷರಗಳ ಅಂಚು ಮಸುಕಾಗುತ್ತದೆ. ಬೆರಳಿನಿಂದ ಹೆಸರಿನ ಕೆತ್ತನೆಯನ್ನು ಸವರಿ ನೋಡಿ. ಅದು ಕರಗಿದ ಸಾಬೂನಿನ ಮೇಲಿನ ಅಕ್ಷರದಂತಿದ್ದರೆ ಆ ಹೊಳಪಿಗೆ ಎಷ್ಟು ಲೋಹ ಬಲಿಯಾಗಿದೆಯೆಂದು ತಿಳಿಯುತ್ತದೆ. "ಜರ್ಮನಿಯದು ಸಾರ್", "ಅರಮನೆ ಬ್ಯಾಂಡಿನಲ್ಲಿ ಇದ್ದದ್ದು ಸಾರ್" ಎಂಬ ಮಾತುಗಳೂ ಇಂಥ ಹೊಳಪಿನ ಜಾತಿಯವೇ. ಹಿತ್ತಾಳೆ ಕೊಳ್ಳಲು ಹೋದವರಿಗೆ ಹಿತ್ತಾಳೆ ಕಿವಿ ಇರಬಾರದು.

ಎಲ್ಲ ಮುಗಿದ ಮೇಲೆ ನುಡಿಸಿ. ನಿಮಗೆ ಬಾರದಿದ್ದರೆ ನುಡಿಸಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ತಮ್ಮ ಮೌತ್‌ಪೀಸನ್ನೇ ತರಲಿ. ಕಲಿಯುವವರಾದರೆ ಮೊದಲು 7ಸಿ ಅಳತೆಯ ಹೊಸ ಮೌತ್‌ಪೀಸೊಂದನ್ನು ಕೊಂಡು ಅದರೊಂದಿಗೇ ವಾದ್ಯ ಹುಡುಕಲು ಹೊರಡುವುದು ಒಳ್ಳೆಯದು. ಹಳೆಯ ಮೌತ್‌ಪೀಸಿನ ಅಂಚಿನಲ್ಲಿ ಬೆಳ್ಳಿ ಸವೆದು ಹಿತ್ತಾಳೆ ಕಂಡರೆ ತುಟಿ ಉರಿಯುವುದುಂಟು. ಜೋರಾಗಿ ಊದಿದಾಗ ಯಾವ ಟ್ರಂಪೆಟ್ಟೂ ಕೂಗುತ್ತದೆ. ಮೆತ್ತಗೆ, ದೀರ್ಘವಾಗಿ ಹಿಡಿದ ಸ್ವರದಲ್ಲೇ ಅದರ ಗುಣ ಬಯಲಾಗುತ್ತದೆ.

ದುಡ್ಡಿನ ಲೆಕ್ಕ ಹೀಗೆ ಮಾಡಿ. ನಿಮ್ಮ ಹತ್ತಿರ ಹದಿನೈದು ಸಾವಿರವಿದ್ದರೆ ಹನ್ನೊಂದು ಸಾವಿರದ ವಾದ್ಯವನ್ನೇ ನೋಡಿ. ಉಳಿದದ್ದು ಮೌತ್‌ಪೀಸಿಗೆ, ಎಣ್ಣೆ ಮತ್ತು ಗ್ರೀಸಿಗೆ, ಒಳಗೆ ತೊಳೆಯುವ ಉದ್ದನೆಯ ಬ್ರಶ್ಶಿಗೆ, ಮೊದಲ ರಿಪೇರಿಗೆ ಬೇಕೇ ಬೇಕು. ನೀರು ಬಿಡುವ ಕೀಲಿಯ ಬೆಂಡು ಒಣಗಿ ಗಾಳಿ ಸೋರುವುದು, ವಾಲ್ವ್‌ನ ಫೆಲ್ಟ್ ಎಂಬ ಮೆತ್ತನೆಯ ಬಿಲ್ಲೆ ಸವೆದು ರಂಧ್ರಗಳು ಸಾಲು ತಪ್ಪುವುದು, ಸ್ಪ್ರಿಂಗ್ ಸೊರಗುವುದು ಇವೆಲ್ಲ ಚಿಲ್ಲರೆ ಕಾಸಿನ ಕೆಲಸಗಳು. ಇವುಗಳಿಂದಾಗಿಯೇ ವಾದ್ಯ ಚೆನ್ನಾಗಿಲ್ಲವೆಂದು ಬಿಟ್ಟು ಬರಬೇಡಿ.

ಕೈ ಚಿಕ್ಕದಿರುವ ಮಗುವಿಗೆ ಕಾರ್ನೆಟ್ ಯೋಚಿಸಿ. ಉದ್ದವೂ ಶ್ರುತಿಯೂ ಬೆರಳ ಹಾಕುವಿಕೆಯೂ ಟ್ರಂಪೆಟ್ಟಿನದೇ. ಕೊಳವೆ ಹೆಚ್ಚು ಸುತ್ತಿಕೊಂಡಿರುವುದರಿಂದ ಭಾರ ಎದೆಗೆ ಹತ್ತಿರ ಬರುತ್ತದೆ, ಕೇಳುವವರು ಕಡಿಮೆಯಿರುವುದರಿಂದ ಬೆಲೆಯೂ ಇಳಿದಿರುತ್ತದೆ. ಮೌತ್‌ಪೀಸಿನ ಕಾಲು ಮಾತ್ರ ಬೇರೆ ಅಳತೆಯದು. ಟ್ರೊಂಬೋನ್ ಆದರೆ ಸ್ಲೈಡೇ ಸರ್ವಸ್ವ. ವಾದ್ಯವನ್ನು ಓರೆಯಾಗಿ ಹಿಡಿದು ಹೊರಸ್ಲೈಡನ್ನು ಸಡಿಲ ಬಿಟ್ಟಾಗ ಅದು ಎಲ್ಲೂ ತಡೆಯದೆ ತನ್ನಷ್ಟಕ್ಕೆ ಜಾರಬೇಕು.

ಯಾವಾಗ ಕೊಳ್ಳಬೇಕೆಂದು ಹಲವರು ಕೇಳುತ್ತಾರೆ. ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡ್ ಸೆಟ್‌ನವರ ಕೈಯಲ್ಲಿ ಕಾಸಿಲ್ಲ, ವಾದ್ಯಗಳು ಆಗಲೇ ಮಾರಾಟಕ್ಕೆ ಬರುತ್ತವೆ. ಡಿಜೆ ಸದ್ದಿನ ಈ ಕಾಲದಲ್ಲಿ ಹಾಗೆ ಬಂದ ಎಷ್ಟೋ ವಾದ್ಯಗಳು ಶ್ರಾವಣಕ್ಕೂ ಮರಳಿ ಹೋಗುವುದಿಲ್ಲ. ದಿನಾ ನುಡಿಸಿದ ಕೈಯ ವಾದ್ಯವಾದ್ದರಿಂದ ಅದರ ವಾಲ್ವ್ ಅಟ್ಟದ ಮೇಲೆ ಇಪ್ಪತ್ತು ವರ್ಷ ಮಲಗಿದ್ದಕ್ಕಿಂತ ಎಷ್ಟೋ ಉತ್ತಮ ಸ್ಥಿತಿಯಲ್ಲಿರುತ್ತದೆ. ಚೌಕಾಸಿ ಮಾಡಿ, ಆದರೆ ಅದರಿಂದ ಸಂಸಾರ ಸಾಕಿದವರು ಕೊನೆಯ ಬಾರಿಗೆ ಒರೆಸಿ ಕೊಡುವಾಗ ಇನ್ನೂರು ರೂಪಾಯಿಗೆ ಜಗ್ಗಾಡಬೇಡಿ. ಯಾವ ವಾಲ್ವ್ ಹಟ ಮಾಡುತ್ತದೆ, ಯಾವ ಸ್ವರಕ್ಕೆ ಸ್ಲೈಡ್ ಎಷ್ಟು ಎಳೆಯಬೇಕು ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ. ಆ ಮಾಹಿತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮನೆಗೆ ತಂದ ದಿನ ಊದುವ ಮೊದಲು ತೊಳೆಯಿರಿ. ಬಕೆಟ್ಟಿನ ತಳಕ್ಕೆ ಹಳೆಯ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ. ನೀರು ಸುಡುವಂತಿದ್ದರೆ ಲ್ಯಾಕರ್ ಎದ್ದುಬರುತ್ತದೆ. ಪಿಸ್ಟನ್‌ಗಳನ್ನು ಫೆಲ್ಟ್ ನೆನೆಯದಂತೆ ಬೇರೆಯಾಗಿ ಒರೆಸಿ. ದೇವರ ಮನೆಯ ದೀಪದಂತೆ ಇದೂ ಹಿತ್ತಾಳೆಯೇ ಅಲ್ಲವೇ ಎಂದು ಅಜ್ಜಿಯರು ಹುಣಸೆಹಣ್ಣು ತರುತ್ತಾರೆ, ದಯವಿಟ್ಟು ತಡೆಯಿರಿ. ಬ್ರಶ್ಶನ್ನು ಲೀಡ್‌ಪೈಪಿಗೆ ಮೊದಲು ಹಾಕಿ, ಹಿಂದಿನವರ ಹತ್ತಾರು ವರ್ಷಗಳ ಹಸಿರು ಕೆಸರು ಹೊರಬೀಳುತ್ತದೆ, ಅಸಹ್ಯ ಪಡಬೇಡಿ. ಒಣಗಿದ ಮೇಲೆ ಸ್ಲೈಡಿಗೆ ಗ್ರೀಸ್, ಪಿಸ್ಟನ್ನಿಗೆ ಎಣ್ಣೆ, ಆಮೇಲೆ ಅಂಕಿ ನೋಡಿಕೊಂಡು ಒಂದರ ಜಾಗಕ್ಕೆ ಒಂದನ್ನೇ ಹಾಕಿ.